ನೆರಳಿನ ಕಂದಾಯ

ಬೀದಿಯ ಬದಿಯ ಮರವು ಯಾರ ಸೊತ್ತು? ಅದರ ಬೇರು ಪುರಸಭೆಯ ನೆಲದಲ್ಲಿದೆ; ಕೊಂಬೆಯು ಗೃಹಸ್ಥನೊಬ್ಬನ ಮಹಡಿಯ ಮೇಲೆ ಚಾಚಿದೆ; ನೆರಳಾದರೋ ಬೆಳಗ್ಗೆ ಒಬ್ಬನ ಜಗಲಿಯ ಮೇಲೂ ಸಂಜೆ ಎದುರುಮನೆಯವನ ಅಂಗಳದಲ್ಲಿಯೂ ಬಿದ್ದು, ನಡುಹಗಲಿನಲ್ಲಿ ಸ್ವಂತ ಮನೆಯೂ ಇಲ್ಲದ, ಕಂದಾಯದ ಪುಸ್ತಕದಲ್ಲಿ ಹೆಸರೂ ಇಲ್ಲದ ದಾರಿಹೋಕನಿಗೆ ಸಲ್ಲುತ್ತದೆ. ಹೂ ಮಾರುವವಳು, ಚಪ್ಪಲಿ ಹೊಲಿಯುವವನು, ಬೀದಿ ಗುಡಿಸಿ ದಣಿದ ಪೌರಕಾರ್ಮಿಕ, ಬಾಡಿಗೆಗಾಗಿ ಕಾದು ನಿಂತ ಆಟೋ ಚಾಲಕ ಇವರೇ ಆ ನೆರಳಿನ ಹಳೆಯ ಒಕ್ಕಲುಗಳು. ಇಷ್ಟು ಜನರಿಗೆ ಉಪಕಾರವಾಗುವ ವಸ್ತುವಿನ ಪೋಷಣೆಗೆ ಹಣ ಕೊಡತಕ್ಕವರು ಯಾರು, ಎಷ್ಟು, ಯಾವ ಲೆಕ್ಕದಿಂದ ಎಂಬ ಪ್ರಶ್ನೆಯು ನೋಡುವುದಕ್ಕೆ ಸಣ್ಣದು. ಆದರೆ ವರ್ಷದಿಂದ ವರ್ಷಕ್ಕೆ ಬೇಸಗೆಯ ತಾಪವು ಏರುತ್ತಿರುವ ಈ ಕಾಲದಲ್ಲಿ, ಊರುಗಳ ಆಡಳಿತದ ಹೊಣೆ ಹೊತ್ತವರೂ ಮನೆಗಂದಾಯ ತೆರುವವರೂ ಅದನ್ನು ಮುಂದಕ್ಕೆ ತಳ್ಳುವಂತಿಲ್ಲವೆಂದು ನಮಗೆ ತೋರುತ್ತದೆ.

ನಮ್ಮ ದೇಶಕ್ಕೆ ಸಾಲುಮರವು ಹೊಸದಲ್ಲ. ದಾರಿಯುದ್ದಕ್ಕೂ ಆಲದ ಮರಗಳನ್ನು ನೆಡಿಸಿದುದಾಗಿಯೂ ಅವು ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂಬುದು ತನ್ನ ಉದ್ದೇಶವೆಂದೂ ಅಶೋಕ ಚಕ್ರವರ್ತಿಯು ಶಾಸನದಲ್ಲಿ ಬರೆಯಿಸಿದ್ದಾನೆ. ಕೆರೆ ಕಟ್ಟಿಸುವುದು, ಅರವಟ್ಟಿಗೆ ಇಡಿಸುವುದು, ಮರ ನೆಡಿಸುವುದು ಇವೆಲ್ಲ ನಮ್ಮ ಹಿರಿಯರ ಎಣಿಕೆಯಲ್ಲಿ ಪುಣ್ಯಕಾರ್ಯಗಳು. ನಮ್ಮ ಕಾಲದಲ್ಲಿಯೇ ಮಾಗಡಿ ಸೀಮೆಯ ಹುಲಿಕಲ್ಲು-ಕುದೂರು ದಾರಿಯ ಬದಿಗೆ ಸಾಲುಮರದ ತಿಮ್ಮಕ್ಕನವರು ತಮ್ಮ ಪತಿಯೊಡನೆ ಆಲದ ಸಸಿಗಳನ್ನು ನೆಟ್ಟು, ನೀರು ಹೊತ್ತು ತಂದು ಎರೆದು, ಮಕ್ಕಳಂತೆ ಸಾಕಿದರು. ದೇಶವು 2019ರಲ್ಲಿ ಅವರಿಗೆ ಪದ್ಮಶ್ರೀಯನ್ನಿತ್ತು ತನ್ನನ್ನೇ ಗೌರವಿಸಿಕೊಂಡಿತು. ಆದರೆ ಒಬ್ಬ ತಾಯಿಯ ಪುಣ್ಯದ ಬಲದಿಂದ ಇಡೀ ನಗರಗಳ ಕೆಲಸ ನಡೆಯಲಾರದು. ಆಕೆಯ ಹೆಸರನ್ನು ಭಾಷಣದಲ್ಲಿ ಹೇಳಿ, ತನ್ನ ಬೀದಿಯ ಮರಕ್ಕೆ ಒಂದು ಬಿಂದಿಗೆ ನೀರಿನ ಏರ್ಪಾಡನ್ನೂ ಮಾಡದ ಪುರಸಭೆಯು ಆಕೆಗೆ ಗೌರವ ಸಲ್ಲಿಸಿದಂತಾಗುವುದಿಲ್ಲ.

ಸಸಿಯ ಬೆಲೆಯನ್ನೇ ಮರದ ಬೆಲೆಯೆಂದು ಭಾವಿಸುವುದು ನಮ್ಮಲ್ಲಿ ಬಲವಾಗಿ ನೆಲೆಗೊಂಡ ಭ್ರಾಂತಿ. 1950ರಲ್ಲಿ ಕೆ. ಎಂ. ಮುನ್ಷಿಯವರು ಕೇಂದ್ರ ಸಚಿವರಾಗಿದ್ದಾಗ ವನಮಹೋತ್ಸವವನ್ನು ಆರಂಭಿಸಿದರು. ಅದರ ಹಿಂದಿನ ಆಶಯವು ದೊಡ್ಡದಾಗಿತ್ತು. ಅಂದಿನಿಂದ ಇಂದಿನವರೆಗೆ ಪ್ರತಿ ಮಳೆಗಾಲದಲ್ಲಿಯೂ ಗುಂಡಿ ತೋಡಿ, ಸಸಿಯಿಟ್ಟು, ಛಾಯಾಚಿತ್ರ ತೆಗೆಸಿಕೊಳ್ಳುವ ಸಂಪ್ರದಾಯವು ತಪ್ಪದೆ ನಡೆದುಬಂದಿದೆ; ಮುಂದಿನ ಯುಗಾದಿಯ ಹೊತ್ತಿಗೆ ಆ ಸಸಿ ಏನಾಯಿತೆಂದು ಕೇಳುವ ಸಂಪ್ರದಾಯವು ಮಾತ್ರ ಇನ್ನೂ ಹುಟ್ಟಿಲ್ಲ. ನಗರದಲ್ಲಿ ಸಸಿಯು ಮರವಾಗಬೇಕಾದರೆ ಕಲ್ಲುಚಪ್ಪಡಿಯ ನಡುವೆ ಬೇರಿಗೆ ಉಸಿರಾಡುವಷ್ಟು ಬರಿಯ ಮಣ್ಣು ಬೇಕು. ದನಗಳೂ ವಾಹನಗಳೂ ಮುರಿಯದಂತೆ ಬೇಲಿ ಬೇಕು. ಎರಡು ಮೂರು ಬೇಸಗೆಗಳ ತನಕ ನೀರು ಬೇಕು. ಬೆಳೆದ ಮೇಲೆ ತಿಳಿದವರ ಕೈಯಿಂದ ಕೊಂಬೆ ಸವರಿಸಬೇಕು. ಬೇರು ಎತ್ತಿದ ಕಾಲುದಾರಿಯನ್ನು ಸರಿಪಡಿಸಬೇಕು. ಒಳಗೆ ಟೊಳ್ಳಾದ ಮರವನ್ನು ಗಾಳಿಮಳೆಗೆ ಮುಂಚೆ ಗುರುತಿಸಬೇಕು. ಸಸಿಗೆ ತಗಲುವ ಹಣವು ಈ ಮೊತ್ತದಲ್ಲಿ ಅಲ್ಪಾಂಶ. ಉಳಿದುದು ಪ್ರತಿ ವರ್ಷವೂ ಬರುವ ವೆಚ್ಚ. ಆದುದರಿಂದ ಪ್ರತಿ ವರ್ಷವೂ ಬರುವ ಒಂದು ಆದಾಯದಿಂದಲೇ ಅದನ್ನು ತುಂಬಬೇಕು. ದಾನಿಗಳ ಉದಾರತೆಯಾಗಲಿ, ಒಂದು ವರ್ಷ ಬಂದು ಮರುವರ್ಷ ನಿಲ್ಲುವ ಅನುದಾನವಾಗಲಿ ಇದಕ್ಕೆ ಸಾಲದು.

ಇತರ ದೇಶಗಳ ಊರುಗಳು ಈ ಹಣವನ್ನು ಮನೆ ನಿವೇಶನಗಳ ಒಡೆಯರಿಂದ ಪಡೆಯುವ ಮಾರ್ಗಗಳನ್ನು ಬಹುಕಾಲದಿಂದ ಪರೀಕ್ಷಿಸುತ್ತ ಬಂದಿವೆ. ಅಮೆರಿಕಾದ ನ್ಯೂಜೆರ್ಸಿ ಸಂಸ್ಥಾನವು 1893ರಲ್ಲಿಯೇ ಒಂದು ಶಾಸನವನ್ನು ಮಾಡಿ, ಪುರಸಭೆಗಳು ನೆರಳುಮರಗಳ ಸಮಿತಿಗಳನ್ನು ನೇಮಿಸಬಹುದೆಂದು ವಿಧಿಸಿತು. ನ್ಯೂಆರ್ಕ್ ನಗರದಲ್ಲಿ ಅಂತಹ ಸಮಿತಿಯು 1904ರಲ್ಲಿ ಏರ್ಪಟ್ಟಿತು. ಆ ಶಾಸನದ ತಿರುಳು ಗಮನಾರ್ಹವಾದುದು. ಮರವನ್ನು ನೆಡುವ ವೆಚ್ಚವು ಯಾವ ನಿವೇಶನದ ಮುಂದೆ ಮರ ನಿಲ್ಲುವುದೋ ಆ ನಿವೇಶನದ ಮೇಲೆ. ನೆಟ್ಟ ಮರವನ್ನು ಕಾಪಾಡುವ ವೆಚ್ಚವು ಇಡೀ ಊರಿನ ಸಾಮಾನ್ಯ ತೆರಿಗೆಯ ಮೇಲೆ. ಗೃಹಸ್ಥನು ಒಮ್ಮೆ ಕೊಟ್ಟು ಮುಗಿಸುತ್ತಾನೆ; ಊರು ಎಂದೆಂದಿಗೂ ಕೊಡುತ್ತದೆ. ಮರದ ಮೇಲಣ ಅಧಿಕಾರವು ಸಮಿತಿಯದು. ಮನೆಯವನು ತನ್ನ ಮನಸ್ಸು ಬಂದಂತೆ ಅದನ್ನು ಕಡಿಯುವಂತಿಲ್ಲ. ಹಣ ಕೊಟ್ಟವನಿಗೇ ಸ್ವಾಮ್ಯವೆಂಬ ಲೌಕಿಕ ನ್ಯಾಯವನ್ನು ಬಿಟ್ಟು, ಲೋಕಹಿತದ ನ್ಯಾಯವನ್ನು ಅವರು ಹಿಡಿದರೆಂಬುದನ್ನು ಓದುಗರು ಗಮನಿಸಬೇಕು.

ಒಹಾಯೊ ಸಂಸ್ಥಾನದ ಸಿನ್ಸಿನಾಟಿ ನಗರದ್ದು ಎರಡನೆಯ ಮಾರ್ಗ. 1980ರ ದಶಕದ ಆರಂಭದಿಂದ ಅಲ್ಲಿ ಬೀದಿಯ ಮರಗಳಿಗಾಗಿಯೇ ಒಂದು ವಿಶೇಷ ಕರವಿದೆ. ನಿವೇಶನದ ಮುಖವು ಬೀದಿಯ ಕಡೆಗೆ ಎಷ್ಟು ಅಡಿಯಿದೆಯೋ ಅಷ್ಟು ಅಡಿಗೆ ಇಷ್ಟು ಎಂದು ಎಲ್ಲ ಒಡೆಯರೂ ಕೊಡುತ್ತಾರೆ; ನಗರದ ವೃಕ್ಷವಿಭಾಗವು ಬಡಾವಣೆಗಳನ್ನು ಸರದಿಯಂತೆ ಹಿಡಿದು ಮರಗಳ ಆರೈಕೆ ಮಾಡುತ್ತದೆ. ಲೆಕ್ಕ ಸುಲಭ, ಅಳತೆಪಟ್ಟಿ ಹಿಡಿದ ಗುಮಾಸ್ತನು ಮೋಸ ಮಾಡಲಾರನು, ವಾದಕ್ಕೆ ಎಡೆಯಿಲ್ಲ. ಆದರೆ ಈ ಮಾರ್ಗವನ್ನು ನಮ್ಮ ಊರುಗಳಿಗೆ ಹಾಗೆಯೇ ತಂದರೆ ಒಂದು ವೈಪರೀತ್ಯವುಂಟಾಗುತ್ತದೆ. ಅಡಿಗೆ ವರ್ಷಕ್ಕೆ 5 ರೂಪಾಯಿ ಕರವೆಂದು ಮಾತಿಗೆ ಇಟ್ಟುಕೊಳ್ಳೋಣ. 30 ಅಡಿ ಮುಖವಿರುವ ನಿವೇಶನದಲ್ಲಿ ಒಂದೇ ಅಂಕಣದ ಮನೆಯಲ್ಲಿರುವ ನಿವೃತ್ತ ಉಪಾಧ್ಯಾಯನು 150 ರೂಪಾಯಿ ಕೊಡಬೇಕು. ಅದೇ ಬೀದಿಯ ಕೊನೆಯಲ್ಲಿ 60 ಅಡಿ ಮುಖದ ನೆಲದ ಮೇಲೆ ಅಂತಸ್ತಿನ ಮೇಲೆ ಅಂತಸ್ತು ಏರಿಸಿ 80 ಸಂಸಾರಗಳನ್ನು ತುಂಬಿದ ಕಟ್ಟಡವು 300 ರೂಪಾಯಿ ಕೊಡುತ್ತದೆ. ಸಂಸಾರಕ್ಕೆ 4 ರೂಪಾಯಿಯೂ ಬೀಳುವುದಿಲ್ಲ. ನೆಲವನ್ನು ಮಾತ್ರ ಅಳೆದು ಆಕಾಶವನ್ನು ಅಳೆಯದಿರುವ ಲೆಕ್ಕವು ನಮ್ಮಂತಹ ಎತ್ತರಕ್ಕೆ ಬೆಳೆಯುತ್ತಿರುವ ಊರುಗಳಿಗೆ ಒಗ್ಗಲಾರದು.

ಮೂರನೆಯ ಮಾರ್ಗವು ಎಲ್ಲಕ್ಕಿಂತ ಅಗ್ಗವೆಂದು ಮೇಲುನೋಟಕ್ಕೆ ಕಾಣುತ್ತದೆ. ಪುರಸಭೆಯು ತೆರಿಗೆ ಕೇಳುವುದಿಲ್ಲ. "ನಿನ್ನ ಮನೆಯ ಮುಂದಿನ ಮರವನ್ನು ನೀನೇ ನೋಡಿಕೋ" ಎನ್ನುತ್ತದೆ. ಇದರ ಫಲವೇನೆಂಬುದನ್ನು ಸ್ಯಾನ್ ಫ್ರಾನ್ಸಿಸ್ಕೋ ನಗರವು ಅನುಭವದಿಂದ ಕಲಿತಿದೆ. ಅಲ್ಲಿ ಬೀದಿಯ ಮರಗಳಲ್ಲಿ ಬಹುಪಾಲು ಮನೆಯ ಒಡೆಯರ ಹೊಣೆಯಾಗಿತ್ತು. ಬೊಕ್ಕಸವು ಬಡವಾದಾಗ, 2011ರ ಸುಮಾರಿನಿಂದ, ನಗರವು ತಾನು ಅದುವರೆಗೆ ನೋಡಿಕೊಳ್ಳುತ್ತಿದ್ದ ಮರಗಳನ್ನೂ ಒಡೆಯರಿಗೆ ಒಪ್ಪಿಸತೊಡಗಿತು. ಬೇರಿನಿಂದ ಕಾಲುದಾರಿ ಒಡೆದರೆ ದುರಸ್ತಿಯೂ ಒಡೆಯನದು. ಎಡವಿ ಬಿದ್ದವನು ವ್ಯಾಜ್ಯ ಹೂಡಿದರೆ ಅದೂ ಒಡೆಯನದು. ಮರವು ಮಿತ್ರನಾಗಿ ಉಳಿಯದೆ ಋಣವಾಗಿ ಕಂಡಮೇಲೆ ಅದನ್ನು ಪ್ರೀತಿಸುವವರು ಯಾರು? ಉಳ್ಳವರ ಬೀದಿಯಲ್ಲಿ ಮರಕ್ಕೆ ಆರೈಕೆ, ಇಲ್ಲದವರ ಬೀದಿಯಲ್ಲಿ ಮರಕ್ಕೆ ಅನಾಥಸ್ಥಿತಿ. ಇಂತಹ ಏರ್ಪಾಟಿನಿಂದ ಬೇರೆ ಏನನ್ನು ನಿರೀಕ್ಷಿಸಬಹುದು? ಕಡೆಗೆ 2016ರ ನವೆಂಬರಿನಲ್ಲಿ ಈ ವಿಷಯವನ್ನು ಮತದಾರರ ಮುಂದಿಡಲಾಯಿತು. ನಿವೇಶನಗಳ ಮುಂಭಾಗದ ಅಳತೆಯ ಮೇಲೆ ತೆರಿಗೆ ಹಾಕಬೇಕೆಂಬ ಆಲೋಚನೆಯು ಮೊದಲು ಇದ್ದಿತು. ಅದನ್ನು ಕೈಬಿಟ್ಟು, ನಗರದ ಸಾಮಾನ್ಯ ನಿಧಿಯಿಂದಲೇ ವರ್ಷಕ್ಕೆ 1 ಕೋಟಿ 90 ಲಕ್ಷ ಡಾಲರನ್ನು ಮರಗಳಿಗೆಂದು ತೆಗೆದಿಡಬೇಕೆಂಬ ಸೂಚನೆಯನ್ನು ಮತಕ್ಕೆ ಹಾಕಿದರು. ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಮತದಾರರು ಒಪ್ಪಿದರು. 2017ರ ಜುಲೈಯಿಂದ ಸುಮಾರು 1 ಲಕ್ಷ 24 ಸಾವಿರ ಬೀದಿಮರಗಳ ಆರೈಕೆಯೂ ಅವುಗಳ ಬೇರಿನಿಂದ ಕೆಟ್ಟ ಕಾಲುದಾರಿಯ ದುರಸ್ತಿಯೂ ನಗರದ ಹೊಣೆಯಾಯಿತು. ಹೊಣೆಯನ್ನು ಕೊಡವಿಕೊಂಡ ಊರು ಕೆಲವೇ ವರ್ಷಗಳಲ್ಲಿ ಅದನ್ನು ಮರಳಿ ತಲೆಯ ಮೇಲೆ ಹೊತ್ತುಕೊಂಡಿತು.

ಇನ್ನು ನಮ್ಮ ನೆರೆಯಲ್ಲಿಯೇ ಇರುವ ಮಾರ್ಗವೊಂದಿದೆ. ಮಹಾರಾಷ್ಟ್ರವು 1975ರಲ್ಲಿ ನಗರಪ್ರದೇಶಗಳ ವೃಕ್ಷಸಂರಕ್ಷಣೆಯ ಶಾಸನವನ್ನು ಮಾಡಿತು. ಅದರಂತೆ ಊರೂರಿಗೂ ವೃಕ್ಷ ಪ್ರಾಧಿಕಾರವುಂಟು. ಐದು ವರ್ಷಗಳಿಗೊಮ್ಮೆ ಮರಗಳ ಗಣತಿಯಾಗಬೇಕೆಂಬ ವಿಧಿಯುಂಟು. ಮುಂಬಯಿ ಪುಣೆ ಮೊದಲಾದ ನಗರಗಳಲ್ಲಿ ಆಸ್ತಿ ತೆರಿಗೆಯ ಬಿಲ್ಲಿನೊಳಗೆ, ನೀರು ಬೀದಿ ಶಿಕ್ಷಣಗಳ ಸಾಲುಗಳ ಜೊತೆಗೆ, ವೃಕ್ಷ ಉಪಕರವೆಂಬ ಒಂದು ಸಾಲೂ ಉಂಟು. ಆ ಉಪಕರವು ಆಸ್ತಿಯ ಬೆಲೆಯನ್ನನುಸರಿಸಿ ಏರುವುದರಿಂದ ಗುಡಿಸಲಿಗೂ ಗೋಪುರಕ್ಕೂ ಒಂದೇ ಅಳತೆ ಎಂಬ ದೋಷವು ಅದಕ್ಕೆ ತಟ್ಟುವುದಿಲ್ಲ. ಮೊತ್ತವು ಸಣ್ಣದು, ಆದರೆ ಬಿಲ್ಲಿನಲ್ಲಿ ಮರದ ಹೆಸರು ಅಚ್ಚಾಗಿರುವುದೇ ಒಂದು ದೊಡ್ಡ ಪ್ರಯೋಜನ. "ಈ ಸಾಲಿನ ಹಣದಿಂದ ನನ್ನ ಬೀದಿಗೆ ಏನು ಮಾಡಿದಿರಿ?" ಎಂದು ಕೇಳುವ ಹಕ್ಕು ಅದರಿಂದ ಪೌರನಿಗೆ ಬರುತ್ತದೆ. ಗಣತಿಯಿರುವುದರಿಂದ ಉತ್ತರವನ್ನು ಹುಡುಕುವ ಸಾಧನವೂ ಅವನಿಗುಂಟು. ಕೇಳುವವರು ಎಷ್ಟು ಮಂದಿ, ಉತ್ತರ ಹೇಳುವವರು ಎಷ್ಟು ಮಂದಿ ಎಂಬುದು ಆಯಾ ಊರಿನ ಪೌರಪ್ರಜ್ಞೆಗೆ ಬಿಟ್ಟ ಮಾತು.

ಈಗ ನ್ಯಾಯದ ಪ್ರಶ್ನೆಗೆ ಬರೋಣ. ನೆರಳು ಎಲ್ಲರಿಗೂ ಸಲ್ಲುವಾಗ ಮನೆಯ ಒಡೆಯನೊಬ್ಬನೇ ಏಕೆ ಕೊಡಬೇಕೆಂದು ಕೇಳುವವರುಂಟು. ಒಡೆಯನಿಗೆ ದೊರೆಯುವ ವಿಶೇಷ ಲಾಭವನ್ನು ಅವರು ಮರೆಯುತ್ತಾರೆ. ಪಡುವಣ ಬಿಸಿಲು ಗೋಡೆಗೆ ತಗಲದಂತೆ ಮರವು ತಡೆದರೆ ಒಳಗಿನ ಕೋಣೆ ತಂಪಾಗಿರುತ್ತದೆ, ವಿದ್ಯುತ್ತಿನ ಖರ್ಚು ತಗ್ಗುತ್ತದೆ. ಸಾಲುಮರದ ಬೀದಿಯ ಮನೆಗೆ ಹೆಚ್ಚಿನ ಬಾಡಿಗೆಯನ್ನು ಕೇಳುವಾಗ ಯಾವ ಒಡೆಯನೂ ಮರವು ಸಾರ್ವಜನಿಕರದೆಂದು ಸಂಕೋಚಪಡುವುದಿಲ್ಲ. ಹೀಗಿರುವಲ್ಲಿ ಆತನಿಂದ ಒಂದು ಪಾಲನ್ನು ಕೇಳುವುದು ಅನ್ಯಾಯವಲ್ಲ. ಆದರೆ ಪೂರ್ತಿ ಭಾರವನ್ನು ಆತನ ಮೇಲೆ ಹೇರುವುದು ಅನ್ಯಾಯವೇ. ಕ್ಯಾಲಿಫೋರ್ನಿಯಾದ ಮತದಾರರು 1996ರಲ್ಲಿ ಒಪ್ಪಿದ ನಿಯಮವೊಂದು ಈ ಭೇದವನ್ನು ಸ್ಪಷ್ಟವಾಗಿ ಗುರುತಿಸುತ್ತದೆ: ಆಸ್ತಿಯ ಮೇಲೆ ವಿಶೇಷ ಕರವನ್ನು ಹಾಕುವುದಾದರೆ ಆ ಆಸ್ತಿಗೆ ದೊರೆಯುವ ವಿಶೇಷ ಲಾಭದ ಮಟ್ಟಿಗೆ ಮಾತ್ರ ಹಾಕಬೇಕು, ಸಮಸ್ತ ಜನರಿಗೆ ದೊರೆಯುವ ಸಾಮಾನ್ಯ ಲಾಭದ ವೆಚ್ಚವನ್ನು ಬೇರೆ ನಿಧಿಯಿಂದ ಭರಿಸಬೇಕು, ಆಸ್ತಿಯ ಒಡೆಯರ ಅಭಿಪ್ರಾಯವನ್ನು ಮತಪತ್ರದಿಂದ ಪಡೆಯಬೇಕು. ಮನೆಯ ಮುಂದಿನ ತಂಪು ಒಡೆಯನ ಲಾಭ. ಬೀದಿಯ ತಂಪು ಊರಿನ ಲಾಭ. ಎರಡಕ್ಕೂ ಎರಡು ಚೀಲಗಳಿಂದ ಹಣ ಬರಬೇಕು.

ನಮ್ಮ ನಾಡಿನ ಸ್ಥಿತಿಯನ್ನು ನೋಡಿದರೆ ವಿಚಿತ್ರವೆನಿಸುತ್ತದೆ. ಬೆಂಗಳೂರಿಗೆ ಉದ್ಯಾನನಗರವೆಂಬ ಹೆಸರು ತಾನಾಗಿ ಬರಲಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕ್ರುಂಬಿಗಲ್ಲರು, ಒಂದು ಬಗೆಯ ಮರದ ಹೂವು ಉದುರುವಷ್ಟರಲ್ಲಿ ಮತ್ತೊಂದು ಅರಳುವಂತೆ ಬೀದಿಗಳಿಗೆ ಮರಗಳನ್ನು ಆರಿಸಿ ಹಂಚಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರ ನೇತೃತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಸಸಿಗಳು ನೆಲೆಗೊಂಡವೆಂದು ಪ್ರಸಿದ್ಧಿಯಿದೆ. ಇವೆಲ್ಲ ಸರ್ಕಾರದ ಹಣದಿಂದ, ಸಮರ್ಥರಾದ ಒಬ್ಬಿಬ್ಬರ ಶ್ರದ್ಧೆಯಿಂದ ಆದ ಕೆಲಸಗಳು. ಆ ಒಬ್ಬಿಬ್ಬರು ನಿವೃತ್ತರಾದ ಮೇಲೆ ಮರಗಳಿಗೆ ಶಾಶ್ವತವಾದ ಆದಾಯವೆಂಬುದು ಉಳಿಯಲಿಲ್ಲ. 1976ರ ನಮ್ಮ ವೃಕ್ಷಸಂರಕ್ಷಣಾ ಶಾಸನವು ಮರ ಕಡಿಯಬೇಕಾದರೆ ವೃಕ್ಷಾಧಿಕಾರಿಯ ಅಪ್ಪಣೆ ಬೇಕೆಂದು ವಿಧಿಸುತ್ತದೆ. ಕಡಿಯದಂತೆ ತಡೆಯುವ ಕೈಯನ್ನು ಕೊಟ್ಟ ನಾವು ನೀರೆರೆಯುವ ಕೈಯನ್ನು ಕೊಡಲಿಲ್ಲ. ಮನೆಗಂದಾಯದ ಮೇಲೆ ನೂರಕ್ಕೆ 15ರಂತೆ ಆರೋಗ್ಯದ ಉಪಕರ, 6ರಂತೆ ಗ್ರಂಥಾಲಯದ ಉಪಕರ, 3ರಂತೆ ಭಿಕ್ಷುಕರ ಪೋಷಣೆಯ ಉಪಕರ ಇವನ್ನು ನಮ್ಮ ಪೌರರು ಬಹುಕಾಲದಿಂದ ತೆತ್ತು ಬಂದಿದ್ದಾರೆ. ಆ ಸಾಲಿನಲ್ಲಿ ಮರಕ್ಕೆ ಸ್ಥಳವಿಲ್ಲ. ಬೆಂಗಳೂರಿನ ಆಡಳಿತವು 2025ರಲ್ಲಿ ಐದು ನಗರ ಪಾಲಿಕೆಗಳಾಗಿ ಹಂಚಿಹೋಗಿದೆ. ಹೊಸ ಮನೆಗೆ ಹೊಸ ಲೆಕ್ಕದ ಪುಸ್ತಕವನ್ನು ತೆರೆಯುವ ಈ ಸಂದರ್ಭದಲ್ಲಿ ಮರಕ್ಕೂ ಒಂದು ಪುಟವನ್ನು ಮೀಸಲಿಡುವುದು ಯುಕ್ತವಾದೀತು.

"ತೆರಿಗೆಗಳ ಮೇಲೆ ಇನ್ನೊಂದು ತೆರಿಗೆಯೆ?" ಎಂದು ಓದುಗರು ಹುಬ್ಬುಗಂಟಿಕ್ಕಿದರೆ ನಮಗೆ ಆಶ್ಚರ್ಯವಿಲ್ಲ. ಅವರ ಸಂದೇಹಕ್ಕೆ ಆಧಾರವೂ ಇದೆ. ಗ್ರಂಥಾಲಯಕ್ಕೆಂದು ಜನರಿಂದ ಎತ್ತಿದ ಉಪಕರವು ಸಕಾಲದಲ್ಲಿ ಗ್ರಂಥಾಲಯಗಳಿಗೆ ತಲುಪದೆ ಪಾಲಿಕೆಗಳಲ್ಲಿಯೇ ನಿಂತುಹೋಗುತ್ತದೆಂಬ ದೂರು ಹಳೆಯದು. ಪುಸ್ತಕವು ಕೆಲವು ವರ್ಷ ಕಾದೀತು. ಬೇಸಗೆಯ ಸಸಿಯು ಒಂದು ತಿಂಗಳೂ ಕಾಯಲಾರದು. ಆದುದರಿಂದ ಉಪಕರವನ್ನು ಬೆಂಬಲಿಸುವ ನಾವು, ಕೆಲವು ಕಟ್ಟುಪಾಡುಗಳಿಲ್ಲದೆ ಅದಕ್ಕೆ ಒಪ್ಪಲಾರೆವು.

ಮೊದಲನೆಯದಾಗಿ, ಉಪಕರವು ಆಸ್ತಿಯ ಬೆಲೆಯನ್ನು ಅನುಸರಿಸಿರಬೇಕು. ಅತಿ ಸಣ್ಣ ಮನೆಗಳಿಗೆ ವಿನಾಯಿತಿಯಿರಬೇಕು. ಮರವೇ ಇಲ್ಲದ ಇಕ್ಕಟ್ಟಿನ ಓಣಿಯ ಬಡವನಿಂದ ಹಣವೆತ್ತಿ, ಅಗಲವಾದ ರಸ್ತೆಯ ಸಿರಿವಂತನ ಮುಂದಿನ ಮರಕ್ಕೆ ಸುರಿಯುವುದು ದ್ರೋಹ. ಹಣವು ಮೊದಲು ನೆರಳಿಲ್ಲದ ಬೀದಿಗೆ ಹೋಗಬೇಕು.

ಎರಡನೆಯದಾಗಿ, ಆ ಹಣಕ್ಕೆ ಬೇರೆ ಲೆಕ್ಕವಿರಬೇಕು. ವರ್ಷಕ್ಕೊಮ್ಮೆ ಬಡಾವಣೆಯ ವಾರು ಅದನ್ನು ಪ್ರಕಟಿಸಬೇಕು. ಅದರಲ್ಲಿ ಎಷ್ಟು ಸಸಿ ನೆಟ್ಟೆವೆಂಬ ಸಂಖ್ಯೆ ಬೇಡ. ಮೂರು ವರ್ಷದ ಹಿಂದೆ ನೆಟ್ಟವುಗಳಲ್ಲಿ ಎಷ್ಟು ಬದುಕಿವೆ ಎಂಬ ಸಂಖ್ಯೆ ಬೇಕು. ಗುತ್ತಿಗೆದಾರನ ಕೊನೆಯ ಕಂತನ್ನೂ ಆ ಸಂಖ್ಯೆಯನ್ನು ನೋಡಿಯೇ ಸಲ್ಲಿಸತಕ್ಕದ್ದು. ಇದಕ್ಕೆ ಆಧಾರವಾಗಿ ಮರಗಳ ಗಣತಿಯು ನಿಯತಕಾಲದಲ್ಲಿ ನಡೆಯಬೇಕು.

ಮೂರನೆಯದಾಗಿ, ಹಣ ಪಡೆದ ಮೇಲೆ ಪಾಲಿಕೆಯು ಹೊಣೆಯನ್ನು ಪೂರ್ತಿಯಾಗಿ ಹೊರಬೇಕು. ಕೊಂಬೆ ಬಿದ್ದರೆ, ಬೇರು ಚಪ್ಪಡಿಯನ್ನು ಎತ್ತಿದರೆ, ಮನೆಯವನನ್ನು ಕಚೇರಿಯಿಂದ ಕಚೇರಿಗೆ ಅಲೆಸಬಾರದು. ಇಂದು ಎಷ್ಟೋ ಗೃಹಸ್ಥರು ಮರವನ್ನು ಗುಟ್ಟಾಗಿ ಒಣಗಿಸಲು ಹವಣಿಸುವುದಕ್ಕೆ ದುಷ್ಟತನವೇ ಕಾರಣವಲ್ಲ. ಆಪತ್ತಿನ ಭಯವೂ ಕಾರಣ. ಆ ಭಯವನ್ನು ತೆಗೆದರೆ ಮರದ ಅರ್ಧ ಶತ್ರುಗಳು ಮಿತ್ರರಾಗುತ್ತಾರೆ.

ನಾಲ್ಕನೆಯದಾಗಿ, ಹೊಸದಾಗಿ ಕಟ್ಟುವವರು ಕಟ್ಟುವಾಗಲೇ ತಮ್ಮ ಪಾಲನ್ನು ಸಲ್ಲಿಸಬೇಕು. ನ್ಯೂಯಾರ್ಕ್ ನಗರವು 2008ರಲ್ಲಿ, ಹೊಸ ಕಟ್ಟಡದವರು ಬೀದಿಯ ಮುಖದ ಪ್ರತಿ 25 ಅಡಿಗೆ ಒಂದು ಮರವನ್ನು ಒದಗಿಸಬೇಕೆಂದು ನಿಯಮ ಮಾಡಿತು. ಅಡಿಯ ಅಳತೆಯು ವಾರ್ಷಿಕ ಕರಕ್ಕೆ ಒಗ್ಗದಿದ್ದರೂ ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ.

ಕಡೆಯದಾಗಿ, ಸರ್ಕಾರವೂ ಕೊಡಬೇಕು. ಕೇಂದ್ರ ಸರ್ಕಾರದ ಆಸ್ತಿಗಳಿಗೆ ಸಂವಿಧಾನದ 285ನೆಯ ವಿಧಿಯು ಸ್ಥಳೀಯ ತೆರಿಗೆಗಳಿಂದ ರಕ್ಷಣೆಯಿತ್ತಿದೆ. ಇತರ ಸರ್ಕಾರಿ ಕಟ್ಟಡಗಳಿಗೂ ಬಗೆಬಗೆಯ ವಿನಾಯಿತಿಗಳುಂಟು. ಆದರೆ ನಗರದ ಅತ್ಯಂತ ವಿಶಾಲವಾದ ಆವರಣಗಳು, ಅತ್ಯಂತ ಉದ್ದವಾದ ಬೀದಿಮುಖಗಳು ಇವರವೇ. ತೆರಿಗೆಯೆಂದು ಕೊಡಲಾಗದಿದ್ದರೆ ಸೇವೆಯ ಶುಲ್ಕವೆಂದಾದರೂ, ಅನುದಾನವೆಂದಾದರೂ ತಮ್ಮ ಪಾಲನ್ನು ಸಾಮಾನ್ಯ ನಿಧಿಗೆ ಕೂಡಿಸಲಿ. ಪ್ರಜೆಗೆ ಬುದ್ಧಿ ಹೇಳುವ ಪ್ರಭುವು ಮೊದಲು ತನ್ನ ಚೀಲದ ಬಾಯಿಯನ್ನು ಬಿಚ್ಚುವುದು ರಾಜಧರ್ಮ.

ಈ ಕಟ್ಟುಪಾಡುಗಳಿಗೆ ಪಾಲಿಕೆಗಳು ಒಪ್ಪುವುದಾದರೆ ನಮ್ಮ ಓದುಗರು ಉಪಕರದ ಆ ಒಂದು ಸಾಲಿಗೆ ಮುಖ ಸಿಂಡರಿಸಬಾರದೆಂದು ನಾವು ಕೇಳಿಕೊಳ್ಳುತ್ತೇವೆ. ಇಂದು ನಾವು ಯಾರ ನೆರಳಿನಲ್ಲಿ ನಡೆಯುತ್ತಿದ್ದೇವೆಯೋ ಆ ಮರಗಳನ್ನು ನೆಟ್ಟವರಲ್ಲಿ ಬಹುಮಂದಿ ಅವು ಹರಡಿಕೊಂಡುದನ್ನು ನೋಡಲಿಲ್ಲ. ಅವರ ಋಣವನ್ನು ಅವರಿಗೇ ತೀರಿಸುವ ದಾರಿಯಿಲ್ಲ, ಮುಂದೆ ಬರುವವರಿಗೆ ತೀರಿಸಬೇಕು. ಬರುವ ಆಯವ್ಯಯ ಪತ್ರಿಕೆಯಲ್ಲಿ ಪಾಲಿಕೆಗಳು ಈ ಮಾತಿಗೆ ಉತ್ತರ ಕೊಡಲಿ. ಬೇಸಗೆಯು ಯಾವ ಠರಾವಿಗೂ ಕಾಯುವುದಿಲ್ಲ.